ಬಾದಶಹಾನ ನಂಬರು

ಬಾದಶಹಾ ಬಾಯಿ ಮುಚ್ಚಿಕೊಂಡಿದ್ದರೆ ಅವತ್ತು ಶಿವಪುತ್ರ ಗೆದ್ದೇಬಿಡುತ್ತಿದ್ದ.

ಮಹಾರಾಷ್ಟ್ರದ ಗಡಿಯಲ್ಲಿ ಸಂಖದಿಂದ ಜತ್ತಿಗೆ ವಡಾಪ್ ಜೀಪು ಓಡಿಸುವ, ಎಂದರೆ ಕೈ ತೋರಿಸಿದಲ್ಲೆಲ್ಲ ನಿಂತು ಮಂದಿಯನ್ನು ತುಂಬಿಕೊಳ್ಳುವ ಶಿವಪುತ್ರನಿಗೆ ಕಾಯ್ದೆ ಎಂದರೆ ವಾದಕ್ಕೆ ಸಿಕ್ಕ ಮೇವು. ಜೋರಾಗಿ ಓಡಿಸಿದನೆಂದು ಪೊಲೀಸ್ ಸಾಹೇಬರು ಹಿಡಿದಾಗ ಕೆಳಗಿಳಿದು, ಟವೆಲ್ ಕೊಡವಿ, ಶುರುಹಚ್ಚಿಕೊಂಡಿದ್ದ.

“ಸಾಹೇಬ್ರ, ಎಷ್ಟು ಸ್ಪೀಡ್ ಹೋಗಬೇಕಂತ ಈ ರೋಡಿನಾಗ ಬೋರ್ಡ್ ಎಲ್ಲೈತಿ ತೋರಸ್ರಿ. ಬೋರ್ಡ್ ಇಲ್ಲದ ರೋಡಿಗೆ ಕಾಯ್ದಾ ಎಲ್ಲಿಂದ ಬಂತ್ರಿ?”

ಸಾಹೇಬರು ಆ ಕಡೆ ಈ ಕಡೆ ನೋಡಿದರು. ಬೋರ್ಡು ಕಾಣಲಿಲ್ಲ. ಇನ್ನೇನು ‘ಹೋಗು’ ಅನ್ನಬೇಕು, ಹಿಂದೆ ನಿಂತ ಜೀಪಿನಿಂದ ಒಂದು ಕತ್ತು ಹೊರಗೆ ಬಂತು. ಅದೇ ರೋಡಿನ ಇನ್ನೊಬ್ಬ ಡ್ರೈವರ್, ಉಟಗಿಯ ಬಾದಶಹಾ.

“ಐತಲ್ಲರಿ ಸಾಹೇಬ್ರ, ಆ ಬೇವಿನ ಗಿಡದ ಹಿಂದ. ಟೊಂಗಿ ಅಡ್ಡ ಬಂದೈತಿ, ಅಷ್ಟ.”

ದಂಡ ಬಿತ್ತು. ಇನ್ನೊಮ್ಮೆ ಸಿಕ್ಕರೆ ಲೈಸೆನ್ಸು ಹೋದೀತೆಂಬ ತಾಕೀತೂ ಬಿತ್ತು. ಜೀಪಿನೊಳಗಿನ ಮಂದಿಯೆಲ್ಲ ಗೊಳ್ಳೆಂದು ನಕ್ಕರು. ಮುದುಕಿ ಸಿದ್ದಲಿಂಗವ್ವ ಅಂತೂ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಥೂ, ಇದೂ ಒಂದು ಬಾಳೇ!

“ಅಂವಾ ಖರೇನ ಹೇಳ್ಯಾನಲ್ಲರಿ, ನಿಮಗ್ಯಾಕ ಸಿಟ್ಟು?” ಎಂದಳು ರಾತ್ರಿ ಊಟಕ್ಕೆ ಬಡಿಸುತ್ತ ಹೆಂಡತಿ ಶೈಲಾ. ಶಿವಪುತ್ರ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಎದ್ದ.

ಉಪಾಯ ಅವನಿಗೆ ತಾನಾಗಿಯೇ ಹೊಳೆಯಿತು. ಎರಡೂ ಜೀಪು ಬಿಳಿ, ಎರಡೂ ಒಂದೇ ಕಂಪನಿಯವು. ಬೇರೆಯದು ನಂಬರು ಮಾತ್ರ. ಸ್ಪೀಡ್ ಗನ್ನಿನ ಪೊಲೀಸ್ ಗಾಡಿ ಯಾರನ್ನೂ ಬೆನ್ನಟ್ಟುವುದಿಲ್ಲ; ನಿಂತಲ್ಲೇ ಫೋಟೋ ಹೊಡೆಯುತ್ತದೆ, ದಂಡ ಆ ನಂಬರಿನವನ ಮೊಬೈಲಿಗೆ ಹೋಗುತ್ತದೆ. ಬಾದಶಹಾನ ನಂಬರು ಹಚ್ಚಿಕೊಂಡು ಎರಡು ಮೂರು ಸಲ ಹಾಯ್ದರೆ ಸಾಕು, ಆ ಕಾಯ್ದೆಪಂಡಿತನ ಲೈಸೆನ್ಸಿಗೆ ಎಳ್ಳುನೀರು. ಸಿಕ್ಕಿಬಿದ್ದರೆ ಮಾತ್ರ ತನಗೆ ಜೈಲು, ಜೀಪು ಜಪ್ತಿ. ಮನೆ ನಡೆಯುವುದೇ ಆ ಜೀಪಿನ ಮೇಲೆ. ಆದರೆ ಸಿಕ್ಕರಲ್ಲವೇ!

ಆ ನಂಬರಿನ ಪ್ಲೇಟನ್ನು ಗಡಿಯಾಚೆ ಕರ್ನಾಟಕದ ವಿಜಯಪುರದಲ್ಲಿ ಮಾಡಿಸಿದ, ಅಲ್ಲಿ ಗುರುತಿನವರಿಲ್ಲ. ಗಾಜಿನ ಮೇಲಿನ ಬೀರದೇವರ ಹೆಸರನ್ನು ಕೆರೆದು ತೆಗೆದ, ದೇವರಲ್ಲಿ ಕ್ಷಮೆಯನ್ನೂ ಕೇಳಿಕೊಂಡ. ದಿನವನ್ನೂ ಯೋಚಿಸಿಯೇ ಆರಿಸಿದ. ಬಾದಶಹಾ ಮನೆಯಲ್ಲಿ ಮಲಗಿದ ದಿನ ಮಾಡಿದರೆ ಅವನ ಪರವಾಗಿ ಸಾಕ್ಷಿಗಳು ಹುಟ್ಟಿಕೊಳ್ಳುತ್ತಾರೆ; ಅವನೂ ಅದೇ ರೋಡಿನಲ್ಲಿ ಓಡಾಡುತ್ತಿರಬೇಕು. ಎದುರಾದರೂ ಭಯವಿಲ್ಲ. ಸರ್ರನೆ ಹಾಯುವ ಗಾಡಿಯ ನಂಬರನ್ನು ಯಾವ ಡ್ರೈವರ್ ಓದುತ್ತಾನೆ?

ಸಂತೆಯ ದಿನ ಮಧ್ಯಾಹ್ನ, ಮುಖಕ್ಕೆ ಟವೆಲ್ ಸುತ್ತಿ, ಖಾಲಿ ಜೀಪು ತೆಗೆದುಕೊಂಡು ಹೊರಟ. ಸ್ಪೀಡ್ ಗನ್ನಿನ ಪೊಲೀಸರು ಗಿಡದ ನೆರಳಿಗೆ ಗಾಡಿ ಹಚ್ಚಿ ಕಬ್ಬಿನ ಹಾಲು ಕುಡಿಯುತ್ತಿದ್ದರು. ಶಿವಪುತ್ರ ಎಕ್ಸಲರೇಟರ್ ಒತ್ತಿದ. ಅಬ್ಬಬ್ಬಾ, ಆ ಮುದಿ ಜೀಪಿಗೂ ಹರೆಯ ಬಂತು! ಬೋಲ್ಟುಗಳೆಲ್ಲ ಗಡಗಡ ಅನ್ನುತ್ತಿದ್ದವು, ಅವನು ಟವೆಲ್ಲಿನೊಳಗೇ ನಗುತ್ತಿದ್ದ. ಯಾರೂ ಬೆನ್ನಟ್ಟಲಿಲ್ಲ. ಸ್ವಲ್ಪ ಮುಂದೆ ಎಡಕ್ಕೆ ಹೊಲದ ದಾರಿ. ಅಲ್ಲಿ ಪ್ಲೇಟು ಬದಲಿಸಿದರೆ ಇವತ್ತಿನ ಕೆಲಸ ಮುಗಿಯಿತು.

ಎದುರಿಗೆ ದೂರದಲ್ಲೊಂದು ಜೀಪು ಬರುತ್ತಿತ್ತು. ಹಿಂದೆ ಪೊಲೀಸರಿದ್ದಾರೆಂದು ಎದುರು ಬರುವವನಿಗೆ ಲೈಟು ಮಿಣುಕಿಸಿ ತಿಳಿಸುವುದು ಈ ರೋಡಿನ ಡ್ರೈವರುಗಳ ಧರ್ಮ. ದೋಸ್ತನಿರಲಿ, ದುಶ್ಮನ್ ಇರಲಿ. ವರ್ಷಗಟ್ಟಲೆ ಅದನ್ನೇ ಮಾಡಿದ ಕೈ ಇವತ್ತೂ ಶಿವಪುತ್ರನನ್ನು ಕೇಳದೆ ಲೈಟು ಮಿಣುಕಿಸಿಬಿಟ್ಟಿತು. ಎದುರಿನ ಜೀಪು ಪಟ್ಟನೆ ನಿಧಾನವಾಯಿತು. ಉಪಕಾರ ಮಾಡಿದ ಪುಣ್ಯಾತ್ಮನಿಗೆ ಸಲಾಮು ಹೊಡೆಯಲು ಡ್ರೈವರ್ ಕೈಯೆತ್ತಿ ತಲೆ ಹೊರಗೆ ಹಾಕಿದ. ಬಾದಶಹಾ! ಎತ್ತಿದ ಕೈ ಅಲ್ಲೇ ನಿಂತಿತು. ಕಣ್ಣು ಪ್ಲೇಟಿನ ಮೇಲೆ ನೆಟ್ಟಿತು. ಮರುಕ್ಷಣ ಅವನ ಜೀಪು ರೋಡಿಗೆ ಅಡ್ಡ ನಿಂತಿತ್ತು, ಶಿವಪುತ್ರ ಬ್ರೇಕ್ ತುಳಿಯದೆ ವಿಧಿಯಿರಲಿಲ್ಲ. “ಟವೆಲ್ ತಗಿಯೋ ಶಿವಪುತ್ರಣ್ಣಾ, ಉಸಿರು ಕಟ್ಟೀತು,” ಎಂದ ಬಾದಶಹಾ ಕೆಳಗಿಳಿಯುತ್ತ. “ನನ್ನ ನಂಬರ್ ನಿನ್ನ ಗಾಡಿಗೆ ಭಾಳ ಚಲೋ ಒಪ್ಪೈತಿ ಬಿಡು. ಪೊಲೀಸರನ್ನ ಹುಡಕ್ಕೋತ ನಾ ಜತ್ತಿಗೆ ತಿರಗಿ ಹೋಗಬೇಕಾಗಿತ್ತು. ಇಲ್ಲೇ ಮುಂದ ಅದಾರಂತ ಲೈಟ್ ಹೊಡದು ನೀನ ಹೇಳಿದಿ, ಚಲೋ ಆತು.”