ಏಳನೆಯ ತುದಿ

“ಅಮ್ಮಾ, ಮಷೀನ್ ನಿಲ್ಲಿಸು!”

ಅಮ್ಮನ ಕಾಲು ಪೆಡಲಿನ ಮೇಲೆ ಗಕ್ಕನೆ ನಿಂತಿತು. ಪುಟ್ಟಿ ಬಾವುಟದ ನಡುವಿನ ಬಿಳಿ ನಕ್ಷತ್ರದ ತುದಿಗಳನ್ನು ಮತ್ತೆ ಎಣಿಸಿದಳು. ಆರು. ಇರಬೇಕಾದದ್ದು ಏಳು.

ಹೊಲಿಗೆ ಅಂಗಡಿಯ ಗಡಿಯಾರದಲ್ಲಿ ನಾಲ್ಕೂಕಾಲು. ಐದಕ್ಕೆ ಡ್ರಿಲ್ ಮೇಷ್ಟ್ರು ಬಂದುಬಿಡುತ್ತಾರೆ. ನಾಳೆ ಬೆಳಿಗ್ಗೆ ಸ್ಕೂಲಿನಲ್ಲಿ ಹಾರಬೇಕಾದ ಬಾವುಟ ಇದು.

“ಈ ರಟ್ಟಿನ ಮಾದರಿ ಎಲ್ಲಿಂದ ತಂದೆ?” ಅಮ್ಮನ ದನಿ ಏರಿತು.

“ತಾತನ ಟ್ರಂಕಿಂದ. ನಮ್ಮದು ನೆಂದು ಹಾಳಾಗಿತ್ತಲ್ಲಾ…”

“ಅಯ್ಯೋ, ಅದು ಹಳೇ ಬಾವುಟದ್ದು ಕಣೇ! ನಾನಾದ್ರೂ ಒಂದ್ಸಲ ಎಣಿಸಬಾರದಿತ್ತಾ?”

ಒಂದೊಂದು ತುದಿಯೂ ಒಂದೊಂದು ಪ್ರಾಂತ್ಯದ ಗುರುತು. ತಾತನ ಕಾಲದಲ್ಲಿ ದೇಶಕ್ಕಿದ್ದದ್ದು ಆರೇ ಪ್ರಾಂತ್ಯ. ಆಮೇಲೆ ದ್ವೀಪದವರು ಸೇರಿದರು. ನಕ್ಷತ್ರಕ್ಕೆ ಏಳನೆಯ ತುದಿ ಬಂತು. ಪರೀಕ್ಷೆಯಲ್ಲಿ ಅದು ಎರಡು ಮಾರ್ಕ್ಸಿನ ಪ್ರಶ್ನೆ. ಪುಟ್ಟಿಗೆ ಎರಡೂ ಸಿಕ್ಕಿದ್ದವು.

“ಹೀಗೇ ಕೊಟ್ಬಿಡಮ್ಮ. ಅಷ್ಟೆತ್ತರದ ಕಂಬ, ಕೆಳಗಿಂದ ಯಾರು ಎಣಿಸ್ತಾರೆ?”

ಮೂಲೆಯಲ್ಲಿ ಅಂಗಿಯ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದ, ಅಂಗಡಿಯ ಕೆಲಸದ ಕಾಜಾ ಅತ್ತೆಯ ಸೂಜಿ ನಿಂತಿತು.

“ನಾನು ಎಣಿಸ್ತೀನಿ ಪುಟ್ಟಿ,” ಅಂದಳು ಮೆಲ್ಲಗೆ. “ಪ್ರತಿ ಸಲಾನೂ.”

ಅತ್ತೆ ದ್ವೀಪದವಳು. ಪುಟ್ಟಿಗೆ ಗೊತ್ತಿಲ್ಲದ್ದೇನಲ್ಲ, ನೆನಪಾಗಿರಲಿಲ್ಲ, ಅಷ್ಟೆ. ಅವಳ ಕಿವಿ ಬಿಸಿಯಾಯಿತು.

ಬ್ಯಾಗು ಸುರಿದು ಜಾಮಿಟ್ರಿ ಬಾಕ್ಸ್ ತೆಗೆದಳು. ಹೊಸ ರಟ್ಟಿನ ಮೇಲೆ ಒಂದು ವೃತ್ತ. ಆರು ಭಾಗವಾದರೆ ಅರವತ್ತು ಡಿಗ್ರಿ, ಸಲೀಸು. ಏಳು ಭಾಗ? ಮುನ್ನೂರ ಅರವತ್ತು ಏಳಕ್ಕೆ ಸರಿಯಾಗಿ ಭಾಗವಾಗುವುದೇ ಇಲ್ಲ! ನಾಲ್ಕೂವರೆ ಆಯಿತು. ಕೊನೆಗೆ ಐವತ್ತೊಂದೂವರೆಯಂತೆ ಗುರುತು ಹಾಕುತ್ತಾ ಹೋದಳು. ಏಳನೆಯದಕ್ಕೆ ಉಳಿದದ್ದು ಬರೀ ಐವತ್ತೊಂದು.

“ಅತ್ತೆ, ನಿಮ್ಮದೇ ಚೂರು ಕಮ್ಮಿ ಬಂತು…”

“ಇರಲಿ ಬಿಡೇ. ನಮ್ಮ ಕಡೆಯವರು ಮೊದಲೇ ಸಣಕಲು!”

ಅಮ್ಮ ಕತ್ತರಿ ಆಡಿಸಿದಳು. ಬಟ್ಟೆ ಜಗ್ಗದಂತೆ ಅತ್ತೆ ಹಳೆಯ ನಕ್ಷತ್ರದ ಹೊಲಿಗೆ ಬಿಚ್ಚಿದಳು. ಮುಂದೊಂದು, ಹಿಂದೊಂದು ನಕ್ಷತ್ರ. ಎರಡರ ತುದಿಗಳೂ ಕೂಡಬೇಕು. ಮಷೀನು ಕಟಕಟ ಓಡಿತು. ಅಮ್ಮ ಕೊನೆಯ ದಾರ ಕತ್ತರಿಸುವಾಗ ಹೊರಗೆ ಮೇಷ್ಟ್ರ ಸೈಕಲ್ ಬೆಲ್ ಕೇಳಿಸಿತು.

ಮರುದಿನ ಬೆಳಿಗ್ಗೆ ಬಾವುಟ ಕಂಬದ ತುದಿಯಲ್ಲಿ ಬಿಚ್ಚಿಕೊಂಡಿತು. ಎಲ್ಲರೂ ಹಾಡತೊಡಗಿದರು. ಸ್ಕೂಲ್ ಗೇಟಿನ ಆಚೆ ಅತ್ತೆ ಕತ್ತೆತ್ತಿ ನಿಂತಿದ್ದಳು. ಅವಳ ತುಟಿಯೂ ಆಡುತ್ತಿತ್ತು. ಹಾಡಿಗಲ್ಲ.

ಪುಟ್ಟಿಯೂ ಹಾಡು ನಿಲ್ಲಿಸಿ ಮೇಲೆ ನೋಡಿದಳು. ಒಂದು, ಎರಡು, ಮೂರು…