ಸ್ವಂತ ಊರಿಗೆ ಅತಿಥಿಯಾದವನು

ಬಹಳ ಹಿಂದೆ, ಗಿಣಿಗಳು ಇನ್ನೂ ಸುಳ್ಳು ಹೇಳಲು ಕಲಿಯದಿದ್ದ ಕಾಲದಲ್ಲಿ, ಅಲರಾವತಿ ಎಂಬ ದೊಡ್ಡ ಪಟ್ಟಣವಿತ್ತು. ಆ ಪಟ್ಟಣ ಕಟ್ಟಿಸಿದ ರಾಣಿಗೆ ಒಬ್ಬ ಯಕ್ಷಿ ವರ ಕೊಟ್ಟಿದ್ದಳು. ವರ ದೊಡ್ಡದೇ, ಆದರೆ ಅದಕ್ಕೊಂದು ಕೊಂಕಿತ್ತು. "ನಿನ್ನ ಊರಿನ ಹಬ್ಬಗಳಲ್ಲಿ ಮೂರು ಲೋಕದಲ್ಲೂ ಇಲ್ಲದ ಬೆರಗು ಕಾಣಿಸುತ್ತದೆ. ಆದರೆ ನೋಡಲು ಬಂದವರಿಗೆ ಮಾತ್ರ. ಹಬ್ಬ ಮಾಡುವವರಿಗೆ ಮಾಡುವ ಕೆಲಸವಷ್ಟೇ ಕಾಣುತ್ತದೆ" ಎಂದಿದ್ದಳು.

ವಸಂತದಲ್ಲಿ ಉಯ್ಯಾಲೆ ಹಬ್ಬ, ಮಳೆಗಾಲದಲ್ಲಿ ದೋಣಿ ಹಬ್ಬ, ಮಾಗಿಯಲ್ಲಿ ಬೆಂಕಿ ಹಬ್ಬ. ಒಂದೊಂದು ಹಬ್ಬಕ್ಕೂ ದೇಶದೇಶದ ಜನ ಗಾಡಿ ಕಟ್ಟಿಕೊಂಡು, ಒಂಟೆ ಏರಿ, ಗಂಟುಮೂಟೆ ಹೊತ್ತು ಬರುತ್ತಿದ್ದರು. ಕೋಟೆ ಬಾಗಿಲಲ್ಲಿ ಊರಿನವರು ಅವರಿಗೆ ಬೆಲ್ಲದ ನೀರು ಕೊಡುತ್ತಿದ್ದರು. ಅದನ್ನು ಕುಡಿದ ಗಳಿಗೆಯಿಂದ ಹಬ್ಬದ ಕೊನೆಯ ನಗಾರಿ ಬಾರಿಸುವ ತನಕ ಅತಿಥಿಯ ಕಣ್ಣಿಗೆ ಬೆರಗು ಕಾಣುತ್ತಿತ್ತು. ಉಯ್ಯಾಲೆ ಮೋಡ ಮುಟ್ಟಿ ಬರುತ್ತಿತ್ತು. ಬೀದಿಯ ಮಳೆನೀರಿನಲ್ಲಿ ದೋಣಿಗಳು ಹಾಡುತ್ತಿದ್ದವು. ಬೆಂಕಿಯ ಸಿಂಹ ಕೋಟೆಗೋಡೆಯ ಮೇಲೆ ಎದ್ದು ನಿಂತು ಊರನ್ನೆಲ್ಲ ನೋಡುತ್ತಿತ್ತು. ಊರಿನವರು ಕುಡಿದರೆ ಮಾತ್ರ ಅದು ಬರೀ ಬೆಲ್ಲದ ನೀರು. ಅವರ ಪಾಲಿಗೆ ಉಯ್ಯಾಲೆ ಎಂದರೆ ಹಲಗೆ ಮತ್ತು ಹಗ್ಗ, ದೋಣಿ ಎಂದರೆ ಕೆಸರು, ಸಿಂಹ ಎಂದರೆ ಕೆಮ್ಮು ಬರಿಸುವ ಹೊಗೆ.

ಈ ಊರಿನಲ್ಲಿ ಭರಮ ಎಂಬ ತರುಣನಿದ್ದ. ಹಗ್ಗ ಹೊಸೆಯುವುದು ಅವನ ಕಸುಬು. ಉಯ್ಯಾಲೆಯ ಹಗ್ಗ ಅವನದು, ದೋಣಿ ಕಟ್ಟುವ ಹಗ್ಗ ಅವನದು, ಸಿಂಹದ ಬಿದಿರು ಚೌಕಟ್ಟನ್ನು ಗೋಡೆಯ ಮೇಲಕ್ಕೆ ಎಳೆಯುವ ಹಗ್ಗವೂ ಅವನದೇ. ಹಗ್ಗ ಹೊಸೆಯಲು ಇಬ್ಬರು ಬೇಕು. ಒಬ್ಬರು ಒಂದು ತುದಿಯಲ್ಲಿ ನಿಂತು ಕೊಕ್ಕೆ ತಿರುಗಿಸಬೇಕು, ಇನ್ನೊಬ್ಬರು ನಾರು ಬಿಡುತ್ತ ಹಿಂದಹಿಂದಕ್ಕೆ ನಡೆಯಬೇಕು. ಹಿಂದಕ್ಕೆ ನಡೆಯುವವನು ಭರಮ, ಕೊಕ್ಕೆ ತಿರುಗಿಸುವವಳು ಅವನ ಹೆಂಡತಿ ಹಾಲವ್ವ.

ಹಾಲವ್ವ ಅಲರಾವತಿಯವಳಲ್ಲ. ಮದುವೆಗೆ ಮುಂಚೆ ಒಂದು ವರ್ಷ ಅವಳು ಅತಿಥಿಯಾಗಿ ಬಂದು ಮೂರು ಹಬ್ಬಗಳನ್ನೂ ಕಣ್ತುಂಬ ನೋಡಿದ್ದಳು. ಭರಮನ ಹೊಟ್ಟೆಕಿಚ್ಚು ಹುಟ್ಟಿದ್ದೇ ಅಲ್ಲಿ.

ಊಟಕ್ಕೆ ಕೂತಾಗ ಹಾಲವ್ವ ಸುಮ್ಮನೆ ಒಂದು ಮಾತು ಆಡುತ್ತಿದ್ದಳು. "ಆ ವರ್ಷ ಉಯ್ಯಾಲೆ ಇಳಿದು ಬಂದಾಗ ನನ್ನ ಸೆರಗಿನ ತುಂಬ ಮೋಡ ಅಂಟಿತ್ತು. ಕೊಡವಿದರೆ ಮಲ್ಲಿಗೆ ಉದುರ್ತು." ಅಷ್ಟೇ. ಭರಮನಿಗೆ ಬಾಯಲ್ಲಿದ್ದ ಮುದ್ದೆ ಇಳಿಯುತ್ತಿರಲಿಲ್ಲ.

"ಉಯ್ಯಾಲೆ ಹಗ್ಗ ಯಾರು ಹೊಸೆದದ್ದು?" ಎಂದು ಕೇಳುತ್ತಿದ್ದ.

"ನೀವೇ."

"ಮೋಡ ಯಾರು ನೋಡಿದ್ದು?"

"ನಾನು. ಅದಕ್ಕೇನೀಗ? ಸಾರು ಹಾಕ್ಲಾ?"

ಬೀದಿಯಲ್ಲಿ ಬಾಯಿ ತೆರೆದುಕೊಂಡು ಮೇಲೆ ನೋಡುವ ಅತಿಥಿಗಳನ್ನು ಕಂಡರೂ ಅವನಿಗೆ ಉರಿಯುತ್ತಿತ್ತು. ಆದರೆ ಅವರು ನಾಳೆ ಹೋಗುವವರು. ಹೆಂಡತಿಯ ಕಣ್ಣೊಳಗಿನ ಬೆರಗು ಮನೆಯಲ್ಲೇ ಇರುವಂಥದ್ದು. ಅವಳು ನಗುತ್ತ ಮಲಗಿದರೆ ಕನಸಿನಲ್ಲಿ ಸಿಂಹ ನೋಡುತ್ತಿದ್ದಾಳೆ ಅಂತ ಇವನಿಗೆ ನಿದ್ದೆ ಬರುತ್ತಿರಲಿಲ್ಲ. ಇಂಥ ಗಂಡಸನ್ನು ಏನನ್ನೋಣ? ಪರಪುರುಷನ ಮೇಲೆ ಹೊಟ್ಟೆಕಿಚ್ಚು ಪಡುವವರುಂಟು. ಇವನು ಹೆಂಡತಿಯ ಕಣ್ಣಿನ ಮೇಲೇ ಪಟ್ಟ.

ಒಂದು ವಸಂತದಲ್ಲಿ, ಉಯ್ಯಾಲೆ ಹಬ್ಬ ನಡೆಯುತ್ತಿದ್ದಾಗ, ಭರಮ ಪುಂಡಿನಾರು ತರಲು ಕೋಟೆಯ ಹೊರಗೆ ಹೋದ. ಹುಣಸೆತೋಪಿನ ನೆರಳಲ್ಲಿ ಒಬ್ಬ ಮುದುಕ ಅರವಟ್ಟಿಗೆ ಇಟ್ಟುಕೊಂಡು ಕೂತಿದ್ದ. ಅವನ ಮಡಕೆಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಅವನು ಹೊಗೆರಾಯ ಎಂಬ ಮಾಂತ್ರಿಕ, ಅಲರಾವತಿಯ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದವನು. ಮನುಷ್ಯರ ಹೊಟ್ಟೆಕಿಚ್ಚಿನ ವಾಸನೆ ಅವನಿಗೆ ಹರದಾರಿ ದೂರದಿಂದಲೇ ತಿಳಿಯುತ್ತಿತ್ತು.

"ಹಗ್ಗ ನಿಂದು, ಹಬ್ಬ ಅವರದು. ಅಲ್ವೇನಪ್ಪಾ?" ಎಂದ ಹೊಗೆರಾಯ.

ಭರಮ ಅಲ್ಲೇ ನಿಂತುಬಿಟ್ಟ.

"ನನ್ನ ನೀರು ಕುಡಿ. ನೀನೂ ಅತಿಥಿಯಾಗ್ತೀಯ. ಮೂರು ಹಬ್ಬ ನೋಡು, ಆಮೇಲೆ ಮನೆಗೆ ಹೋಗು. ಯಾರೂ ನಿನ್ನ ತಡೆಯೋದಿಲ್ಲ."

ಯಾರೂ ತಡೆಯುವುದಿಲ್ಲ ಎಂದನೇ ಹೊರತು, ಯಾರಾದರೂ ಗುರುತು ಹಿಡಿಯುತ್ತಾರೆ ಎಂದು ಅವನು ಹೇಳಲಿಲ್ಲ. ಭರಮ ಕೇಳಲೂ ಇಲ್ಲ. ಗಟಗಟ ಕುಡಿದ.

ಕುಡಿದು ಊರೊಳಗೆ ಬಂದವನು ನಡುಬೀದಿಯಲ್ಲಿ ಕೂತೇಬಿಟ್ಟ. ತಾನೇ ಹೊಸೆದ ಹಗ್ಗ ಬಂಗಾರದ ಬಳ್ಳಿಯಾಗಿ ಆಕಾಶಕ್ಕೆ ಹಬ್ಬಿತ್ತು. ಉಯ್ಯಾಲೆ ಏರಿದ ಮಕ್ಕಳು ಮೋಡದೊಳಗೆ ಹೋಗಿ ಕೇಕೆ ಹಾಕಿ ಇಳಿಯುತ್ತಿದ್ದರು. ಭರಮನೂ ಏರಿದ. ಮೋಡ ಮುಟ್ಟಿದ. ಅತ್ತ.

ಸಂಜೆ ಮನೆಗೆ ಓಡಿದ, ಹಾಲವ್ವನಿಗೆ ಹೇಳಬೇಕೆಂದು. ಬಾಗಿಲು ತೆರೆದ ಹಾಲವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, ಚೊಂಬಿನಲ್ಲಿ ನೀರು ತಂದಿಟ್ಟಳು.

"ಯಾವೂರಾಯ್ತಣ್ಣಾ? ಕಾಲು ತೊಳ್ಕೊಳ್ಳಿ. ನಮ್ಮನೆಯವರು ನಾರು ತರೋಕೆ ಹೋಗಿದ್ದಾರೆ, ಬಂದ್ಬಿಡ್ತಾರೆ."

ಕಟ್ಟಿಕೊಂಡ ಹೆಂಡತಿ ಅಣ್ಣಾ ಎಂದಳು. ಭರಮ "ನಾನೇ ಕಣೇ" ಎನ್ನಲು ಬಾಯಿ ತೆರೆದ. ಬಂದ ಮಾತು, "ಆಹಾ, ಎಂಥ ಊರು, ಎಂಥ ಹಬ್ಬ!" ಹೊಗೆರಾಯನ ನೀರು ಕುಡಿದವರ ನಾಲಿಗೆಗೆ ಊರನ್ನು ಹೊಗಳುವುದೊಂದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಭರಮನಿಗೆ ಭಯವಾಯಿತು. ಆದರೆ ನಿಜ ಹೇಳಬೇಕೆಂದರೆ, ಭಯಕ್ಕಿಂತ ಇನ್ನೆರಡು ಹಬ್ಬದ ಆಸೆಯೇ ದೊಡ್ಡದಿತ್ತು. ಕೊನೆಯ ನಗಾರಿ ಬಾರಿಸಿದ ಮೇಲೆ ಉಳಿದ ಅತಿಥಿಗಳ ಜೊತೆ ಹೊರಗೆ ಹೋಗಿ ಹುಣಸೆತೋಪಿನಲ್ಲಿ ಬೀಡುಬಿಟ್ಟ.

ಮಳೆಗಾಲ ಬಂತು. ದೋಣಿಗಳು ಹಾಡಿದವು. ಬೆಳ್ಳಿಯ ಮೀನುಗಳು ಈ ಸೂರಿನಿಂದ ಆ ಸೂರಿಗೆ ಹಾರಿದವು. ಭರಮ ಮೊಣಕಾಲುದ್ದ ನೀರಿನಲ್ಲಿ ನಿಂತು ನೋಡಿದ, ಆದರೂ ಕಾಲು ಅವನನ್ನು ತನ್ನ ಮನೆ ಬಾಗಿಲಿಗೇ ಒಯ್ದಿತು.

ಹಾಲವ್ವ ಸೊರಗಿದ್ದಳು. ಅತಿಥಿ ಎಂದು ಉಪಚರಿಸಿ, ರೊಟ್ಟಿ ಇಟ್ಟು, ಗೋಡೆಗೆ ಒರಗಿ ಕೂತು ಮಾತಾಡಿದಳು. ಗೊತ್ತಿಲ್ಲದವರ ಮುಂದೆ ಮನಸ್ಸು ಬಿಚ್ಚುವುದು ಸುಲಭ.

"ನಮ್ಮನೆಯವರು ವಸಂತದಲ್ಲಿ ಹೋದವರು ಬರ್ಲೇ ಇಲ್ಲ. ಅವರಂಥ ಹಗ್ಗ ಈ ಭೂಮಿ ಮೇಲೆ ಯಾರೂ ಹೊಸೆಯೋದಿಲ್ಲಣ್ಣಾ. ಅವರು ಹಿಂದಹಿಂದಕ್ಕೆ ನಡೀತಾ ನನ್ನ ಮುಖಾನೇ ನೋಡ್ತಿರ್ತಾರೆ. ಆ ನೋಟ ಕಂಡೇ ನಾನು ಇಲ್ಲಿ ಉಳಿದದ್ದು."

ಭರಮನ ಹೊಟ್ಟೆಯಲ್ಲಿ ಹಳೆಯ ಬೆಂಕಿ ಎದ್ದಿತು. ಈ ಮಾತನ್ನು ಅವಳು ಒಂದು ದಿನವಾದರೂ ತನಗೆ ಹೇಳಿದ್ದುಂಟೆ? ಯಾವನೋ ದಾರಿಹೋಕನಿಗೆ ಹೇಳುತ್ತಿದ್ದಾಳೆ. ಆ ದಾರಿಹೋಕ ತಾನೇ ಎಂಬುದು ನೆನಪಾದರೂ ಉರಿ ಆರಲಿಲ್ಲ. ಅವಳು ಕಾಯುತ್ತಿರುವ ಆ ಗಂಡನ ಮೇಲೂ ಅವನಿಗೆ ಹೊಟ್ಟೆಕಿಚ್ಚಾಯಿತು, ರೊಟ್ಟಿ ತಿನ್ನುತ್ತಿರುವ ಈ ಅತಿಥಿಯ ಮೇಲೂ ಆಯಿತು.

"ನಾನೂ ಹಿಂದೆ ಅತಿಥೀನೇ" ಎಂದಳು ಹಾಲವ್ವ. "ಅತಿಥಿ ಊರಿನ ಕೆಲಸಕ್ಕೆ ಕೈ ಹಾಕಿದ್ರೆ ಊರಿನವನಾಗ್ತಾನೆ, ಬೆರಗು ಮತ್ತೆ ಕಾಣೋದಿಲ್ಲ ಅಂತ ಎಲ್ಲರೂ ಹೇಳಿದ್ರು. ತಿಳಿದೂ ತಿಳಿದೂ ಅವರ ಕೊಕ್ಕೆ ಹಿಡಿದೆ. ಅವತ್ತಿಂದ ನನಗೂ ಹೊಗೆನೇ, ಕೆಸರೇ. ಊಟದ ಹೊತ್ತಲ್ಲಿ ಅವರಿಗೆ ಹೇಳ್ತಿದ್ದೆ, ನಾನು ಕಂಡಿದ್ದು ಅವರಿಗೂ ಒಂಚೂರು ಸಿಗ್ಲಿ ಅಂತ."

ಭರಮ ರೊಟ್ಟಿ ಕೆಳಗಿಟ್ಟ. ಅವಳು ಏನು ನೋಡಿದಳು ಎಂದು ಇಷ್ಟು ವರ್ಷ ಕರುಬಿದ್ದ. ಏನು ಬಿಟ್ಟು ಬಂದಳು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಹಿತ್ತಲಲ್ಲಿ ಹಗ್ಗದ ಕೊಕ್ಕೆ ಇತ್ತು. ಎದ್ದು ಹೋಗಿ ಹಿಡಿದಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಎದ್ದ, ಹೋದ, ಕೈಯನ್ನೂ ಚಾಚಿದ. ಅಷ್ಟರಲ್ಲಿ ಮನಸ್ಸು ಹೇಳಿತು, ಸಿಂಹವೊಂದು ಉಳಿದಿದೆಯಲ್ಲ. ಅವಳು ಮೂರು ನೋಡಿದ್ದಾಳೆ, ನಿನ್ನದು ಎರಡೇ ಆಯಿತು. ಹೊಟ್ಟೆಕಿಚ್ಚು ಹೀಗೆಯೇ, ನಾಚಿಕೆಯಾದ ಮೇಲೂ ಒಂದು ತುತ್ತು ಹೆಚ್ಚು ಕೇಳುತ್ತದೆ. ಭರಮ ಕೈ ಹಿಂದಕ್ಕೆ ತೆಗೆದುಕೊಂಡು ಹೊರಟುಹೋದ.

ಇತ್ತ ಹೊಗೆರಾಯ ಸುಮ್ಮನೆ ಕೂತಿರಲಿಲ್ಲ. ಹೊರಗೆ ಬಂದ ಊರಿನವರಿಗೆಲ್ಲ, "ಹಗ್ಗದ ಭರಮ ಎಲ್ಲಿ ಹೋದ ಗೊತ್ತಾ? ಅವನು ಹಬ್ಬ ನೋಡ್ತಿದ್ದಾನೆ, ನೀವು ಕೆಸರು ಬಳೀತಿದ್ದೀರಿ" ಎಂದು ಕಿವಿಯೂದುತ್ತಿದ್ದ. ದೋಣಿಯವರು ಕುಡಿದರು. ಹೂವಿನವರು ಕುಡಿದರು. ಪಕ್ಕದ ಮನೆಯವನು ಕುಡಿದ ಎಂದು ಈ ಮನೆಯವನು, ಸೇನಾಪತಿ ಕುಡಿದ ಎಂದು ಮಂತ್ರಿ. ಕೊನೆಗೆ ರಾಜನೂ ಕಿರೀಟ ಬದಿಗಿಟ್ಟು ಒಂದು ಚೊಂಬು ಕುಡಿದು ಬಾಯಿ ಒರೆಸಿಕೊಂಡ.

ಮಾಗಿ ಬಂತು. ಬೆಂಕಿ ಹಬ್ಬದ ದಿನ ಹೊತ್ತು ಮುಳುಗುವಾಗ ಭರಮ ಕೋಟೆಯೊಳಗೆ ಬಂದ. ನೋಡುವವರಿಂದ ಬೀದಿ ಕಿಕ್ಕಿರಿದಿತ್ತು, ಮಾಡುವವರು ಯಾರೂ ಇರಲಿಲ್ಲ. ದೀಪಕ್ಕೆ ಎಣ್ಣೆ ಹಾಕುವವರಿಲ್ಲ, ಬೀದಿ ಗುಡಿಸುವವರಿಲ್ಲ. ರಾಜ ಸಾಲಿನಲ್ಲಿ ನಿಂತು ಕಡಲೆಪುರಿ ತಿನ್ನುತ್ತ, "ಆಹಾ, ಎಂಥ ಊರು!" ಎನ್ನುತ್ತಿದ್ದ. ಕೋಟೆಗೋಡೆಯ ಬುಡದಲ್ಲಿ ಬೆಂಕಿಯ ಸಿಂಹ ಮಲಗಿತ್ತು. ಅದರ ಕೇಸರ ಆಗಲೇ ಮಿನುಗುತ್ತಿತ್ತು. ಮೇಲಕ್ಕೆ ಎಳೆದರೆ ಕಣ್ಣು ತೆರೆಯುತ್ತಿತ್ತು.

ಎಳೆಯಲು ಹಗ್ಗ ಬೇಕಿತ್ತು. ಹಗ್ಗ ಹೊಸೆಯುತ್ತಿದ್ದವಳು ಹಾಲವ್ವ ಒಬ್ಬಳೇ. ಇಡೀ ಅಲರಾವತಿಗೆ ಉಳಿದ ಊರಿನವಳು ಅವಳೊಬ್ಬಳೇ. ಬೆಳಗ್ಗೆ ಬಾಗಿಲಲ್ಲಿ ದೂರದೇಶದವರಿಗೆ ಬೆಲ್ಲದ ನೀರು ಕೊಟ್ಟವಳೂ ಅವಳೇ. ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಓಡಿ ಹೋಗಿ ಕೊಕ್ಕೆ ತಿರುಗಿಸಿ, ಮತ್ತೆ ಓಡಿ ಬಂದು ನಾರು ಬಿಡುತ್ತಿದ್ದಳು. ಹುರಿ ಬಿಚ್ಚಿಕೊಳ್ಳುತ್ತಿತ್ತು. ಅಂಗೈ ಕಿತ್ತು ರಕ್ತ ಬಂದಿತ್ತು.

ಹೊಗೆರಾಯ ಮಡಕೆ ಹಿಡಿದು ಅವಳ ಮುಂದೆ ಬಂದ.

"ಯಾಕವ್ವಾ ಒದ್ದಾಡ್ತೀಯ? ನಿನ್ನ ಗಂಡ ಇಲ್ಲೇ ಈ ಜನದಲ್ಲಿದ್ದಾನೆ. ನಿನಗಿಂತ ಹಬ್ಬ ಹೆಚ್ಚಾಯ್ತು ಅವನಿಗೆ. ನೀನೂ ಕುಡಿ, ಅತಿಥಿಯಾಗು. ಪಕ್ಕಪಕ್ಕ ನಿಂತು ಸಿಂಹ ನೋಡಿ."

"ನಾನೂ ಕುಡಿದ್ರೆ ಎಳೆಯೋರು ಯಾರು?"

"ಯಾರೂ ಬೇಡ. ಊರಿನವರೇ ಇಲ್ಲದ ಊರು ನನ್ನದಾಗ್ತದೆ. ಹಬ್ಬದ ಗೊಡವೆ ಇನ್ನು ಯಾರಿಗೂ ಇರೋದಿಲ್ಲ."

ಹಾಲವ್ವನಿಗೆ ಸುಸ್ತಾಗಿತ್ತು. ಗಂಡ ಬೇಕಂತಲೇ ಬಿಟ್ಟುಹೋದ ಎಂಬ ಮಾತು ನಾಟಿತ್ತು. ಅವಳು ಕೈ ಚಾಚಿದಳು.

ಭರಮ ಸಿಂಹದ ಎದುರಿಗೇ ನಿಂತಿದ್ದ. ಎಲ್ಲರಿಗಿಂತ ಮುಂದಿನ ಜಾಗ ಹಿಡಿದಿದ್ದ. ಸಿಂಹದ ರೆಪ್ಪೆ ಅದುರಿತು. ಜನ್ಮವೆಲ್ಲ ಬಯಸಿದ್ದು ಅಂಗೈ ದೂರದಲ್ಲಿತ್ತು. ಅತ್ತ ಹಾಲವ್ವನ ತುಟಿಗೆ ಮಡಕೆ ಮುಟ್ಟುವುದರಲ್ಲಿತ್ತು. ಕುಡಿದರೆ ಅವಳೂ ಅತಿಥಿ, ಇವನೂ ಅತಿಥಿ, ಇಬ್ಬರಿಗೂ ಮನೆ ಎಂಬುದೇ ಇರುವುದಿಲ್ಲ.

ಭರಮ ಸಿಂಹಕ್ಕೆ ಬೆನ್ನು ಹಾಕಿದ. ಜನರನ್ನು ನೂಕಿಕೊಂಡು ಓಡಿ ಬಂದು ನಾರಿನ ತುದಿ ಹಿಡಿದ.

ಹಿಡಿದ ಕ್ಷಣವೇ ಕಣ್ಣು ಬೋಳಾಯಿತು. ಬಂಗಾರವಿಲ್ಲ, ಮಿನುಗಿಲ್ಲ. ಬಿದಿರು, ಮಸಿ, ಹೊಗೆ. ನಾಲಿಗೆಯ ಬೀಗವೂ ಬಿಚ್ಚಿತು, ಬಾಯಿಗೆ ಬಂದದ್ದು ಅವನ ಹಳೆಯ ಸಿಡುಕು.

"ಹುರಿ ಸಡಿಲ ಬಿಟ್ಟಿದ್ದೀಯಲ್ಲೇ, ಬಿಗಿಯಾಗಿ ತಿರುಗಿಸು!"

ಹಾಲವ್ವ ತಿರುಗಿ ನೋಡಿದಳು. ಮಡಕೆಯನ್ನು ಹೊಗೆರಾಯನ ಕೈಗೇ ತಳ್ಳಿ ಕೊಕ್ಕೆ ಹಿಡಿದಳು. ಬಯ್ಯಲೂ ಇಲ್ಲ, ಅಳಲೂ ಇಲ್ಲ, ಹಲ್ಲು ಕಚ್ಚಿ ತಿರುಗಿಸಿದಳು. ಭರಮ ಅವಳ ಮುಖ ನೋಡುತ್ತ ಹಿಂದಹಿಂದಕ್ಕೆ ನಡೆದ. ಹಗ್ಗ ಸಿದ್ಧವಾಯಿತು. ಸಿಂಹಕ್ಕೆ ಬಿಗಿದು ಇಬ್ಬರೂ ಎಳೆದರು, ಅದು ಅಲುಗಲಿಲ್ಲ.

"ನೋಡ್ತಾ ನಿಂತ್ರೆ ಸಿಂಹ ಏಳೋದಿಲ್ಲ" ಎಂದು ಭರಮ ಜನರತ್ತ ಕೂಗಿದ. "ಊರಿನವರು ಕೈ ಹಾಕಿ. ನನಗೂ ಆಸೆ ಇತ್ತು, ನಾನೂ ಬಿಟ್ಟೆ."

ಯಾರೂ ಮಿಸುಕಲಿಲ್ಲ. ಆಮೇಲೆ ರಾಜ ಕಡಲೆಪುರಿ ಚೆಲ್ಲಿ, ಪಂಚೆ ಎತ್ತಿ ಕಟ್ಟಿ, ಬಂದು ಹಗ್ಗ ಹಿಡಿದ. ಹೂವಿನವರು ಹಿಡಿದರು, ದೋಣಿಯವರು ಹಿಡಿದರು. ಹಿಡಿದ ಹಾಗೆಲ್ಲ ಒಬ್ಬೊಬ್ಬರಿಗೂ ತಮ್ಮ ಮನೆ ಯಾವುದೆಂದು ನೆನಪಾಯಿತು. ಸಿಂಹ ಗೋಡೆ ಏರಿತು.

ಹೊಗೆರಾಯ ಒಮ್ಮೆಲೇ ಕಿರುಚಿದ. ಮಡಕೆ ಎಸೆದು ಬಾಗಿಲತ್ತ ಓಡಿದ, ಬಟ್ಟೆಗೆ ಕಿಡಿ ಹತ್ತಿತ್ತು. ಭರಮನಿಗೆ ಕಂಡದ್ದು ಇಷ್ಟೇ, ಒಬ್ಬ ಮುದುಕ ಖಾಲಿ ಗಾಳಿಗೆ ಹೆದರಿ ಓಡುತ್ತಿದ್ದ. ದೂರದೇಶದ ಒಬ್ಬ ಅಜ್ಜಿಯನ್ನು ಕೇಳಿದ, "ಏನಾಯ್ತಮ್ಮಾ?"

"ಸಿಂಹ ಗೋಡೆಯಿಂದ ಹಾರಿತಪ್ಪಾ. ಮಡಕೆ ಕಚ್ಚಿ ಪುಡಿಮಾಡಿತು. ಈಗ ಅವನನ್ನ ಬೆಟ್ಟದಾಚೆಗೆ ಅಟ್ಟಿಸಿಕೊಂಡು ಹೋಗ್ತಿದೆ. ನಿಂಗೆ ಕಾಣೋದಿಲ್ವಾ?"

"ಇಲ್ಲಮ್ಮಾ, ನಾವು ಈ ಊರಿನವರು" ಎಂದ ಭರಮ.

ಹೊಗೆರಾಯ ಮತ್ತೆ ಆ ಸೀಮೆಯಲ್ಲಿ ಕಾಣಿಸಿಕೊಳ್ಳಲಿಲ್ಲ. ಮನೆಯಲ್ಲಿ ಮಾತ್ರ ಹಾಲವ್ವ ಬಹಳ ದಿನ ಮುಖ ಊದಿಸಿಕೊಂಡಿದ್ದಳು. ಭರಮ ಎಲ್ಲವನ್ನೂ ಒಪ್ಪಿಕೊಂಡ, ಮಳೆಗಾಲದಲ್ಲಿ ಕೊಕ್ಕೆಯವರೆಗೆ ಹೋಗಿ ಕೈ ಹಿಂದೆಗೆದದ್ದನ್ನೂ ಮುಚ್ಚಿಡಲಿಲ್ಲ. ಅದಕ್ಕಾಗಿ ಸರಿಯಾಗಿ ಬೈಸಿಕೊಂಡ. ಆದರೆ ಅವನ ಹೊಟ್ಟೆಯ ಕಿಡಿ ಒಂದು ಇನ್ನೂ ಆರಿರಲಿಲ್ಲ. ಒಂದು ದಿನ ಹಗ್ಗ ಹೊಸೆಯುವಾಗ ಕೇಳಿಯೇಬಿಟ್ಟ.

"ಆ ಅತಿಥಿಗೆ ಹೇಳಿದ್ಯಲ್ಲ, ನಿನ್ನ ಗಂಡನಂಥವನಿಲ್ಲ ಅಂತ. ನನಗ್ಯಾಕೆ ಯಾವತ್ತೂ ಹೇಳ್ಲಿಲ್ಲ?"

"ನೀವು ಯಾವತ್ತು ಕೇಳಿದ್ರಿ? ಕೂತ್ರೆ ನಿಂತ್ರೆ ಮೋಡ, ಸಿಂಹ ಅಂತ ಉರಿದುಕೊಳ್ತಿದ್ರಿ."

"ಈಗ ಕೇಳ್ತಿದ್ದೀನಿ."

ಹಾಲವ್ವ ಕೊಕ್ಕೆ ನಿಲ್ಲಿಸಿ, ಆ ಅತಿಥಿಗೆ ಹೇಳಿದ್ದನ್ನೆಲ್ಲ ಮೊದಲಿಂದ ಕೊನೆತನಕ, ಅವನ ಮುಖಕ್ಕೇ ಹೇಳಿದಳು. ಭರಮ ಹಿಗ್ಗಿ, ದಾರಿ ನೋಡದೆ ಹಿಂದಕ್ಕೆ ನಡೆದು ದನದ ತೊಟ್ಟಿಗೆ ಬಿದ್ದ. ಅವಳು ನಕ್ಕ ನಗು ಅರಮನೆಗೆ ಕೇಳಿಸಿತಂತೆ. ಆ ವಸಂತದಲ್ಲಿ ಅಲರಾವತಿಗೆ ಬಂದವರೆಲ್ಲ ಉಯ್ಯಾಲೆ ಎಂದಿಗಿಂತ ಎತ್ತರ ಹೋಯಿತೆಂದು ಹೇಳಿಕೊಂಡು ಹೋದರು, ಊರಿನವರು ಸುಖವಾಗಿ ಬಾಳಿದರು.