ಅಕ್ಕ ನಕ್ಕಳಂತೆ

"ಜ್ವರದ ಮಾತ್ರೆ ನುಂಗಿ ಬಂದಿದೀರಾ?"

ವಾರ್ಡಿನ ಬಾಗಿಲಿಗೆ ಅಡ್ಡ ನಿಂತಿದ್ದ ಗಂಡು ನರ್ಸ್ ಕೇಳಿದಾಗ ಅವಳು ಹಣೆಯ ಬೆವರು ಒರೆಸಿಕೊಂಡಳು. ಮಾಸ್ಕಿನ ಮೇಲೆ ಅವನ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಆ ಕಣ್ಣುಗಳ ಮುಂದೆ ಸುಳ್ಳು ಹೇಳುವುದು ಕಷ್ಟವಿತ್ತು. ಆದರೂ ಹೇಳಿದಳು.

"ಇಲ್ಲ. ಬಿಸಿಲಲ್ಲಿ ನಡ್ಕೊಂಡು ಬಂದೆ, ಅದಕ್ಕೇ ಬೆವರು."

"ಒಂದ್ಸಲ ಜೋರಾಗಿ ಉಸಿರು ಎಳ್ಕೊಳ್ಳಿ."

ಎಳೆದುಕೊಂಡಳು. ಬೆಳಗಿನಿಂದ ಗಂಟಲಲ್ಲೇ ಅದುಮಿಟ್ಟುಕೊಂಡಿದ್ದ ಕೆಮ್ಮು ಕಟ್ಟೆಯೊಡೆದು ಹೊರಬಿತ್ತು.

ಅವನು ಹಿಂದೆ ಸರಿದ. "ನಿಮ್ಮನ್ನ ಒಳಗೆ ಬಿಡೋಕಾಗಲ್ಲ."

ಒಳಗೆ ಮಲಗಿದ್ದವಳು ಅವಳ ಅಕ್ಕ. ಅಮ್ಮ ಸತ್ತ ಮೇಲೆ ತಲೆ ಬಾಚಿ, ತುತ್ತಿಟ್ಟು, ಹೊಲಿಗೆ ಕಲಿಸಿ, ಕೊನೆಗೆ ಒಂದು ಟೈಲರ್ ಅಂಗಡಿಯನ್ನೂ ಹಾಕಿಕೊಟ್ಟ ಅಕ್ಕ. ಅವಳ ರಕ್ತಕ್ಕೇ ಕ್ಯಾನ್ಸರ್ ಹತ್ತಿತ್ತು. ಅದನ್ನು ಊರಿಗೆಲ್ಲ ಹೇಳಿ ತಂಗಿಯೊಬ್ಬಳಿಂದ ಮುಚ್ಚಿಟ್ಟಿದ್ದಳು. ಗೊತ್ತಾದ ದಿನ ತಂಗಿ ಫೋನಿನಲ್ಲಿ ಕೂಗಾಡಿದ್ದಳು. "ನಾನು ನಿನಗೆ ಯಾರೂ ಅಲ್ಲ ಅಂತಾಯ್ತು. ಇನ್ನು ನಿನ್ನ ಮುಖ ನೋಡಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೋಪ ಇಳಿಯುವಷ್ಟರಲ್ಲಿ ಅಕ್ಕ ಈ ವಾರ್ಡಿಗೆ ಸೇರಿದ್ದಳು, ಹೊರಗೆ ಸಾಂಕ್ರಾಮಿಕ ರೋಗ ಮನೆಮನೆಗೂ ನುಗ್ಗಿತ್ತು. ವಾರ್ಡಿಗೆ ಫೋನ್ ಒಯ್ಯುವಂತಿರಲಿಲ್ಲ. ರೋಗಿಗೆ ಒಬ್ಬರೇ, ಅದೂ ಗೌನು, ಮಾಸ್ಕು, ಗ್ಲೌಸು ಹಾಕಿಕೊಂಡು ಸ್ವಲ್ಪ ಹೊತ್ತು ಮಾತ್ರ ನೋಡಬಹುದಿತ್ತು.

"ಗೌನ್ ಹಾಕ್ಕೋತೀನಲ್ಲ? ದೂರದಲ್ಲೇ ನಿಲ್ತೀನಿ. ಅಕ್ಕನ್ನ ಮುಟ್ಟಲ್ಲ..."

"ಒಳಗಿರೋರಿಗೆ ಒಂದು ನೆಗಡೀನೂ ತಡ್ಕೊಳ್ಳೋ ಶಕ್ತಿ ಇಲ್ಲ. ನಿಮ್ಮಕ್ಕ ಒಬ್ಬರೇ ಅಲ್ಲ ಅಲ್ಲಿರೋದು."

"ನಿಮಗೆ ಅಕ್ಕ ತಂಗಿ ಯಾರೂ ಇಲ್ವಾ?"

ಅವನು ಒಳಗಿನ ಮಂಚಗಳತ್ತ ತಿರುಗಿ ನೋಡಿದ. "ನೀವು ಬಂದಿದ್ರಿ ಅಂತ ನಾನೇ ಹೇಳ್ತೀನಿ. ಇನ್ನೇನು ಹೇಳಲಿ?" ಎಂದ.

"ಕೋಪ ಇಲ್ಲ ಅಂತ ಹೇಳಿ. ಬಾಗಿಲಲ್ಲೇ ಇದೀನಿ ಅಂತ ಹೇಳಿ."

ಅದೇ ಸಂಜೆ ಅಕ್ಕ ತೀರಿಕೊಂಡಳು.

ಅಕ್ಕನ ಮಣ್ಣಿಗೂ ತಂಗಿಗೆ ಹೋಗಲಾಗಲಿಲ್ಲ. ಅಷ್ಟರಲ್ಲಿ ಅವಳಿಗೆ ಉಸಿರು ಕಟ್ಟತೊಡಗಿತ್ತು. ಪರೀಕ್ಷೆ ಮಾಡಿದರೆ, ಅದೇ ರೋಗ. ಆ ನರ್ಸ್ ಹೇಳಿದ್ದೇ ಸರಿಯಾಗಿತ್ತು. ಅದು ಸರಿಯಾಗಿದ್ದದ್ದೇ ಅವಳಿಗೆ ಇನ್ನಷ್ಟು ಉರಿ ಹತ್ತಿಸಿತು. ತಪ್ಪಾಗಿದ್ದರೆ ಬಾಯಿ ತುಂಬ ಶಪಿಸಬಹುದಿತ್ತು.

ಅದೇ ಆಸ್ಪತ್ರೆ, ಬೇರೆ ವಾರ್ಡು. ಮುಖಕ್ಕೆ ಆಮ್ಲಜನಕದ ಮಾಸ್ಕು. ಕಣ್ಣು ಬಿಟ್ಟಾಗ ಮಂಚದ ಪಕ್ಕದಲ್ಲಿ ಅಡಿಯಿಂದ ಮುಡಿಯವರೆಗೆ ಕವಚ ತೊಟ್ಟ ಒಂದು ಆಕೃತಿ ನಿಂತಿತ್ತು.

"ಬೋರಲು ಮಲಗಬೇಕು ನೀವು. ಉಸಿರಾಟ ಸುಲಭ ಆಗುತ್ತೆ."

ಆ ದನಿ... ಅವಳು ಗುರುತಿಸಿದಳು. ಜನ ಸಾಲದೆ ಅವನನ್ನು ಈ ವಾರ್ಡಿಗೆ ಹಾಕಿದ್ದರು.

"ನೀವು ನನ್ನನ್ನ ಮುಟ್ಟಬೇಡಿ. ಬೇರೆಯವರನ್ನ ಕಳಿಸಿ."

"ಬೇರೆ ಯಾರೂ ಇಲ್ಲ," ಎಂದ ಅವನು, ದಿಂಬು ಸರಿಮಾಡುತ್ತಾ.

ತುತ್ತು ಕೊಟ್ಟರೆ ಬಾಯಿ ಬಿಡಲಿಲ್ಲ. ಕರೆದರೆ ಓಗೊಡಲಿಲ್ಲ. ಒಂದು ಮಧ್ಯಾಹ್ನ ಮುಖದ ಮಾಸ್ಕನ್ನೇ ಕಿತ್ತೆಸೆದಳು. ಪಕ್ಕದ ಯಂತ್ರ ಕಿರುಚತೊಡಗಿತು. ಅವನು ಓಡಿಬಂದು ಮಾಸ್ಕನ್ನು ಮತ್ತೆ ಒತ್ತಿ ಹಿಡಿದ. ಅವಳು ಅವನ ಕೈ ತಳ್ಳಿದಳು.

"ಯಾರಿಗೋಸ್ಕರ ಉಸಿರಾಡಲಿ, ಹೇಳಿ? ನಾನು ಆಡಿದ ಮಾತು ಇಟ್ಕೊಂಡೇ ಹೋದಳಲ್ಲ ಅವಳು. ನಾನು ಬಂದಿದ್ದೆ ಅಂತ ಹೇಳಿದ್ರಾ? ಹೇಳಿದ್ರಾ ಇಲ್ವಾ?"

ಅವನು ಒಂದು ಗಳಿಗೆ ಅವಳನ್ನೇ ನೋಡಿದ.

"ಹೇಳಿದೆ."

"ಏನಂದಳು?"

"ಏನೂ ಅನ್ನಲಿಲ್ಲ... ನಕ್ಕರು."

ಅವಳ ಕೈ ಸಡಿಲವಾಯಿತು. ಅಕ್ಕ ನಕ್ಕಳಂತೆ. ಎಡಗೆನ್ನೆ ಒಂದಿಷ್ಟು ಹೆಚ್ಚು ಒಳಗೆ ಹೋಗುವ ಆ ನಗು... ಅಂದು ಅವಳು ಬೋರಲು ಮಲಗಿ ದಿಂಬು ತೊಯ್ಯುವಷ್ಟು ಅತ್ತಳು. ಅತ್ತು ಮುಗಿದ ಮೇಲೆ, ಹಸಿವು ಎಂದಳು.

ಆ ನಗುವನ್ನೇ ಹಿಡಿದುಕೊಂಡು ಅವಳು ಚೇತರಿಸಿಕೊಂಡಳು. ಅದನ್ನು ತಂದುಕೊಟ್ಟವನ ಮೇಲಿನ ದ್ವೇಷವೂ ಮೆಲ್ಲಗೆ ಕರಗಿತು. ಅವನು ಗ್ಲೌಸು ತೊಟ್ಟ ಕೈಯಲ್ಲಿ ಅವಳ ಜಡೆ ಹೆಣೆಯಲು ಹೋಗಿ ಗಂಟುಗಂಟು ಮಾಡಿದಾಗ, ಆಸ್ಪತ್ರೆ ಸೇರಿದ ಮೇಲೆ ಮೊದಲ ಸಲ ನಕ್ಕಳು.

"ಇದು ಜಡೆ ಅಲ್ಲ, ಬ್ರದರ್. ಬಾವಿ ಹಗ್ಗ."

ಅವನು ಬಾಚಣಿಗೆ ಕೆಳಗಿಟ್ಟ. "ವಾರ್ಡಿಗೆ ವಾರ್ಡೇ ನನ್ನನ್ನ ಬ್ರದರ್ ಅನ್ನುತ್ತೆ. ನೀವೊಬ್ಬರು ಅನ್ನಬೇಡಿ."

"ಯಾಕೆ?"

"ಸುಮ್ನೆ."

ಸುಮ್ಮನೆ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವಳು ಮನೆಗೆ ಮರಳಿ ಅಂಗಡಿ ತೆರೆದ ಮೇಲೆ ಅವನು ಡ್ಯೂಟಿ ಮುಗಿಸಿ ಅತ್ತ ಬರುತ್ತಿದ್ದ. ಎಷ್ಟು ಕರೆದರೂ ಮಾಸ್ಕ್ ತೆಗೆಯುತ್ತಿರಲಿಲ್ಲ, ಹೊಸ್ತಿಲು ದಾಟುತ್ತಿರಲಿಲ್ಲ. "ದಿನಾ ರೋಗದ ಮಧ್ಯ ಇರೋನು ನಾನು. ಇಲ್ಲಿಂದಲೇ ನೋಡ್ಕೊಂಡು ಹೋಗ್ತೀನಿ," ಎನ್ನುತ್ತಿದ್ದ. ಒಂದು ದಿನ ಅಲ್ಲಿಂದಲೇ ಕೇಳಿದ. "ಇದೆಲ್ಲ ತಣ್ಣಗಾದ ಮೇಲೆ ಅಮ್ಮನ್ನ ಕರ್ಕೊಂಡು ಬರ್ಲಾ?"

ಅವಳು ತಲೆ ತಗ್ಗಿಸಿ, ಹೊಲಿಯಲು ಏನೂ ಇಲ್ಲದ ಬಟ್ಟೆಯ ಮೇಲೆ ಮಿಷನ್ ಓಡಿಸಿದಳು.

ಆಮೇಲೆ ಒಬ್ಬ ಅಜ್ಜಿ ಬಂದಳು.

ಕಾಯಿಲೆಯಿಂದ ಸೊರಗಿ ಬಟ್ಟೆಯೆಲ್ಲ ಸಡಿಲವಾಗಿದ್ದ ಅಜ್ಜಿ. ಹೊಲಿಗೆ ಬಿಗಿ ಮಾಡಿಸಬೇಕಿತ್ತು. ಅಳತೆ ಕೊಡುತ್ತಾ ಹೇಳಿದಳು. "ನಿನ್ನಕ್ಕನೇ ಹೇಳಿದ್ದು ಕಣಮ್ಮ, ನನ್ನ ತಂಗಿ ಚೆನ್ನಾಗಿ ಹೊಲೀತಾಳೆ ಅಂತ. ಅವಳ ಪಕ್ಕದ ಮಂಚ ನಂದು."

ಅವಳ ಕೈಯಲ್ಲಿದ್ದ ಅಳತೆ ಟೇಪು ಅಲ್ಲೇ ನಿಂತಿತು.

"ಕೊನೇ ದಿನ ಬಾಗಿಲ ಕಡೆನೇ ನೋಡ್ತಿದ್ದಳು, ಪಾಪ. 'ಬರಲ್ಲ ಅಜ್ಜಿ ಅವಳು, ಇನ್ನೂ ಕೋಪ ಇಳಿದಿಲ್ಲ' ಅಂದಳು. ಹಾಗಂತಾನೇ ಕಣ್ಣು ಮುಚ್ಚಿದಳು."

"ನಾನು ಬಂದಿದ್ದೆ ಅಜ್ಜಿ... ಹೊರಗೇ ಇದ್ದೆ."

"ಬಂದಿದ್ದೆಯಾ?" ಅಜ್ಜಿ ಬೆರಗಾದಳು. "ಅಯ್ಯೋ, ಯಾರೂ ಹೇಳ್ಲಿಲ್ವಲ್ಲೇ."

ಅಂದು ಸಂಜೆ ಅವನು ಹೊಸ್ತಿಲಲ್ಲಿ ನಿಂತಾಗ ಅವಳು ಮಿಷನ್ ಬಿಟ್ಟು ಏಳಲಿಲ್ಲ.

"ಅಕ್ಕ ನಕ್ಕಿದ್ದು ನೀವು ನೋಡಿದ್ರಾ?"

ಅವನಿಗೆ ಅರ್ಥವಾಯಿತು. ಇದ್ದದ್ದನ್ನು ಹೇಳಿದ. "ಹೇಳೋಕೆ ಅಂತಲೇ ಒಳಗೆ ಹೋಗ್ತಿದ್ದೆ. ಬಾಗಿಲ ಹತ್ತಿರದ ಮಂಚದವರಿಗೆ ಎದೆಬಡಿತ ನಿಂತುಹೋಯ್ತು. ಅವರನ್ನ ಬಿಟ್ಟು ಬರೋ ಹಾಗಿರ್ಲಿಲ್ಲ. ಆಮೇಲೆ ನಿಮ್ಮಕ್ಕನ ಹತ್ತಿರ ಹೋದಾಗ ಪ್ರಜ್ಞೆ ಇರ್ಲಿಲ್ಲ."

"ನಗು?"

"ನೀವು ಮಾಸ್ಕ್ ಕಿತ್ತಿದ್ರಿ... ಬೇರೇನೂ ತೋಚಲಿಲ್ಲ."

"ಮಾತಾಡಿ ನೋಯಿಸಿದವಳು ನಾನು. ಮಾತಾಡದೆ ಕೊಂದೋರು ನೀವು." ದನಿ ಏರಲಿಲ್ಲ, ನಡುಗಲಿಲ್ಲ. "ಇನ್ಮೇಲೆ ಈ ಕಡೆ ಬರಬೇಡಿ."

ಅವನು ಬರಲಿಲ್ಲ.

ರೋಗದ ಎರಡನೇ ಅಲೆ ಏರಿದಾಗ ಬಂದವಳು ಅವನ ಅಮ್ಮ. ವಯಸ್ಸಾದ ಜೀವ, ಅಂಗಡಿಯ ಮೆಟ್ಟಿಲ ಕೆಳಗೇ ನಿಂತು ಹೇಳಿದಳು. "ಅವನಿಗೇ ಬಂದುಬಿಟ್ಟಿದೆ ಕಣಮ್ಮ. ನನ್ನನ್ನ ಒಳಗೆ ಬಿಡ್ತಿಲ್ಲ, ವಯಸ್ಸಾಗಿದೆ ಅಂತಾರೆ. ಒಮ್ಮೆ ಈ ರೋಗ ಬಂದು ವಾಸಿಯಾಗಿರೋರನ್ನ ಬಿಡ್ತಾರಂತೆ. ನಿನ್ನ ವಿಷಯ ಅವನು ಹೇಳಿದ್ದ..."

ಅವಳೊಳಗಿನ ಗಾಯವೇ ಬಾಯಿ ತೆರೆಯಿತು. "ನನ್ನಕ್ಕನೂ ಬಾಗಿಲು ನೋಡ್ತಾನೇ ಸತ್ತಳು. ನಿಮ್ಮ ಮಗನೂ ನೋಡ್ಲಿ."

ಮುದುಕಿಗೆ ತಲೆಬುಡ ತಿಳಿಯಲಿಲ್ಲ. ಬೈಗುಳಕ್ಕೆ ಎದುರಾಡಲೂ ಇಲ್ಲ. "ಸರಿಯಮ್ಮ," ಎಂದು ತಿರುಗಿ ಆಸ್ಪತ್ರೆಯ ದಾರಿ ಹಿಡಿದಳು, ಬಿಡುವುದಿಲ್ಲವೆಂದು ಗೊತ್ತಿದ್ದೂ.

ಆ ಬೆನ್ನನ್ನು ನೋಡುತ್ತಾ ಕೂತಿದ್ದವಳಿಗೆ ತನ್ನ ಮಾತೇ ತನ್ನ ಕಿವಿಯಲ್ಲಿ ಕೊರೆಯತೊಡಗಿತು. ಮತ್ತೆ ಹಾಗೇ ಆಡಿದೆನಲ್ಲ... ಈ ನಾಲಿಗೆಗೆ ಇನ್ನೆಷ್ಟು ಹೆಣ ಬೇಕು? ಅವಳು ಅಂಗಡಿಯ ಬಾಗಿಲೆಳೆದು ಓಡಿದಳು.

ಆಸ್ಪತ್ರೆಯಲ್ಲಿ ಮೈ ಬಿಸಿ ನೋಡಿದರು, ಪರೀಕ್ಷೆ ಮಾಡಿದರು. ಕೈ ತೊಳೆದು ಗೌನು ತೊಟ್ಟಳು, ಮಾಸ್ಕನ್ನು ಮೂಗಿನ ಮೇಲೆ ಒತ್ತಿ ಕೂರಿಸಿದಳು, ಗ್ಲೌಸನ್ನು ತೋಳಿನ ಮೇಲಕ್ಕೆ ಎಳೆದಳು. ಈ ಸಲ ಯಾವ ಸುಳ್ಳನ್ನೂ ಹೇಳಬೇಕಾಗಲಿಲ್ಲ.

ಅವನು ಬೋರಲು ಮಲಗಿದ್ದ. ಕಣ್ಣುಗಳು ಗುಳಿ ಬಿದ್ದಿದ್ದವು. ಅವಳು ಮಂಚದ ಪಕ್ಕ ಮಂಡಿಯೂರಿ ಅವನ ಕಿವಿಯ ಬಳಿಗೆ ಬಾಗಿದಳು.

"ನಿಮ್ಮಮ್ಮ ಬಂದಿದಾರೆ. ಬಾಗಿಲಲ್ಲೇ ಇದಾರೆ. ಒಳಗೆ ಬಿಡ್ಲಿಲ್ಲ, ಅಷ್ಟೇ. ಬರದೆ ಇದ್ದದ್ದಲ್ಲ. ಕೇಳಿಸ್ತಾ?"

ಅವನು ಕಣ್ಣು ಮಿಟುಕಿಸಿದ. ಕಣ್ಣೀರು ಅಡ್ಡಲಾಗಿ ಇಳಿದು ಮಾಸ್ಕಿನ ಪಟ್ಟಿಯ ಕೆಳಗೆ ಸೇರಿತು. ಅವಳು ಒರೆಸಲಿಲ್ಲ. ಅಷ್ಟು ಮೃದುವಾಗಲು ಇನ್ನೂ ಮನಸ್ಸಿರಲಿಲ್ಲ.

ಮರುದಿನವೂ ಹೋದಳು. ಅದರ ಮರುದಿನವೂ. ಅಮ್ಮನ ಮಾತು ಒಳಗೆ ಒಯ್ದಳು, ಮಗನ ಮಾತು ಹೊರಗೆ ತಂದಳು. ತನ್ನ ಮಾತೆಂದು ಒಂದೂ ಆಡಲಿಲ್ಲ. ಅವನಿಗೆ ಸರಿಯಾಗಿ ಮಾತು ಹೊರಟ ದಿನ ಅವನೇ ಕೇಳಿದ.

"ನಿಮಗೆ ನನ್ನ ಮೇಲೆ..."

"ಉಸಿರು ಉಳಿಸ್ಕೊಳ್ಳಿ. ಬೈಬೇಕಾದರೆ ಎದುರಿಗೆ ಆರೋಗ್ಯವಾಗಿರೋ ಮನುಷ್ಯ ಬೇಕು ನನಗೆ."

ಅವನು ಬದುಕಿದ. ಶ್ವಾಸಕೋಶ ಮೊದಲಿನಂತೆ ಆಗುವುದಿಲ್ಲ, ವಾರ್ಡಿನ ಓಡಾಟ ಇನ್ನು ಕಷ್ಟ ಎಂದರು ವೈದ್ಯರು. ಬಿಡುಗಡೆಯಾದ ದಿನ ಅವನ ಅಮ್ಮ ಆಟೋ ಹುಡುಕಲು ಹೋಗಿದ್ದಳು. ಅವರಿಬ್ಬರೇ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ, ನಡುವೆ ಜಾಗ ಬಿಟ್ಟು ಕೂತಿದ್ದರು.

"ಕ್ಷಮಿಸಿದೀರಾ?" ಅವನು ಕೇಳಿದ.

"ಇಲ್ಲ."

"ಮತ್ತೆ ದಿನಾ ಯಾಕೆ ಬಂದ್ರಿ?"

"ಕ್ಷಮಿಸೋಕೂ ಆಗ್ತಿಲ್ಲ, ಬಿಟ್ಟಿರೋಕೂ ಆಗ್ತಿಲ್ಲ. ಒಂದೊಂದ್ಸಲ ಅಕ್ಕನ ನೆನಪಾಗಿ ನಿಮ್ಮ ಮುಖ ನೋಡೋಕೇ ಆಗಲ್ಲ ನನಗೆ. ಅಂಥ ದಿನ ಮುಂದೆಯೂ ಬರುತ್ತೆ. ಅಂಥವಳ ಜೊತೆ ಇರ್ತೀರಾ?"

"ಇರ್ತೀನಿ."

"ಸುಳ್ಳು ಹೇಳಬಾರದು. ನನ್ನ ಜೀವ ಉಳಿಸೋಕೂ ಹೇಳಬಾರದು."

"ಹೇಳಲ್ಲ."

ಗಾಳಿ ಬೀಸುತ್ತಿತ್ತು, ಸುತ್ತ ಯಾರೂ ಇರಲಿಲ್ಲ. ಅವನು ನಿಧಾನಕ್ಕೆ ಮಾಸ್ಕ್ ಕಿವಿಯಿಂದ ಬಿಡಿಸಿದ. ಅವನ ಪೂರ್ತಿ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಒಣಗಿದ ತುಟಿ, ಮಾಸ್ಕಿನ ಪಟ್ಟಿ ಕೊರೆದ ಕಲೆ, ಅವಳು ಊಹಿಸಿಯೇ ಇರದ ದಪ್ಪ ಮೂಗು.

"ಹೇಗಿದೆ?"

"ಮಾಸ್ಕೇ ಚೆನ್ನಾಗಿತ್ತು," ಎಂದಳು. ಎಂದವಳೇ ಆ ಕಲೆಯ ಮೇಲೆ ಬೆರಳಿಟ್ಟು, ನೋಯುತ್ತಾ ಎಂದು ಕೇಳಿದಳು.

"ನೋಯುತ್ತೆ," ಎಂದ ಅವನು.

ಅವಳು ಬೆರಳು ತೆಗೆಯಲಿಲ್ಲ.